ಹೆಸರೆತ್ತಬಾರದ ಗಂಟು

ನಮ್ಮ ಬೀದಿಗೆ ಕಸದ ಆಟೋ ಬರುವುದು ಬೆಳಿಗ್ಗೆ ಏಳೂವರೆಗೆ. ಓಡಿಸುವವಳು ರೂಪ. ಹಿಂದೆ ನಿಂತು ಬುಟ್ಟಿ ಇಸಿದುಕೊಂಡು, ಹಸಿ ಕಸ ಒಣ ಕಸ ಬೇರೆ ಮಾಡುತ್ತಿದ್ದವಳು ಪುಟ್ಟಗೌರಮ್ಮ. ನಮ್ಮೂರು ಅಗರದಲ್ಲಿ ಅವಳ ಕೈ ಮುಟ್ಟದ ಮನೆಯ ಕಸ ಇರಲಿಲ್ಲ.

ನನ್ನ ಗಂಡ ಮಲ್ಲಿಕಾರ್ಜುನಸ್ವಾಮಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಡೆದ ಲೋಟ, ಬ್ಲೇಡು, ಸುಟ್ಟ ಬಲ್ಬು, ಮುಗಿದ ಸೆಲ್ಲು, ಇವನ್ನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದರು. ಡಬ್ಬಿಯ ಮೇಲೆ 'ಕೈ ಹಾಕಬೇಡಿ' ಎಂದು ಬರೆದಿದ್ದರು. ತಿಂಗಳಿಗೊಮ್ಮೆ ತಾವೇ ಬೀದಿಗೆ ತಂದು ಕೊಡುತ್ತಿದ್ದರು.

"ಏನ್ ಮೇಷ್ಟ್ರೇ, ಹುಂಡಿ ತುಂಬ್ತಾ?" ಎನ್ನುತ್ತಿದ್ದಳು ಪುಟ್ಟಗೌರಮ್ಮ.

"ತುಂಬ್ತು. ಗಾಜಿದೆ, ಮೇಲಿಂದ ಹಿಡ್ಕೊ."

"ಊರಲ್ಲಿ ಹೇಳಿ ಕೊಡೋರು ನೀವೊಬ್ರೇ. ಮಿಕ್ಕೋರ ಮನೇದು ಏನೂಂತ ನನ್ನ ಬೆರಳೇ ಹೇಳ್ಬೇಕು."

ಒಳಗಿನಿಂದ ಅತ್ತೆ ಶಂಕರಮ್ಮ ಗದರುವರು: "ಕಸ ಸುರಿಯಕೆ ಇಷ್ಟೊತ್ತಾ? ಬಾರಪ್ಪ ಒಳಕ್ಕೆ, ರೊಟ್ಟಿ ಆರೋಯ್ತದೆ."

ಕಾರ್ತಿಕದ ಒಂದು ಸೋಮವಾರ ಶಾಲೆಗೆ ಹೊರಟವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಯಳಂದೂರಿನ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮೂವತ್ತೇಳು ವರ್ಷ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಹನ್ನೊಂದನೆಯ ದಿನ ನನ್ನನ್ನು ಹಿತ್ತಿಲಿನ ಒಗೆಯುವ ಕಲ್ಲಿನ ಮುಂದೆ ಕೂರಿಸಿದರು. ಮುತ್ತೈದೆಯರು ಎದ್ದು ಒಳಗೆ ಹೋದರು. ನಮ್ಮಲ್ಲಿ ಬಳೆ ಒಡೆಯುವ ಕೆಲಸ ಮೊದಲೇ ಗಂಡ ಸತ್ತ ಇನ್ನೊಬ್ಬಳದ್ದೇ. ಅತ್ತೆಯೇ ನನ್ನ ಕೈ ಹಿಡಿದರು. ಅವರ ಮಣಿಕಟ್ಟಿನ ಮೇಲೊಂದು ಬಿಳಿ ಗೆರೆಯಿದೆ, ಅವರ ಅತ್ತೆ ಒಡೆದಾಗ ಕೊಯ್ದದ್ದು. ಮಗನನ್ನು ಮಣ್ಣಿಗಿಟ್ಟ ತಾಯಿ ಅಳುತ್ತ ಅಳುತ್ತಲೇ ನನ್ನ ಇಪ್ಪತ್ತನಾಲ್ಕು ಹಸಿರು ಬಳೆ ಒಡೆದರು.

ಆ ಚೂರನ್ನು ಮನೆಯಲ್ಲಿ ಇಡಬಾರದು. ಕೈಯಲ್ಲಿ ಮುಟ್ಟಬಾರದು. ಹೆಸರೆತ್ತಬಾರದು, ಎತ್ತಿದರೆ ಕೇಳಿಸಿಕೊಂಡವಳ ಬಳೆಗೂ ಕುತ್ತು. ಹಿಂದೆ ಹೊಳೆಗೆ ಬಿಡುತ್ತಿದ್ದರಂತೆ. ಈಗ ಬಾಗಿಲಿಗೇ ಆಟೋ ಬರುತ್ತದೆ. ಅತ್ತೆ ಪೊರಕೆಯಲ್ಲಿ ಬಳಿದು, ಮಗನ ಹಳೆಯ ಪಂಚೆಯಲ್ಲಿ ಸುತ್ತಿ ಗಂಟು ಕಟ್ಟಿದರು. ಬಿಸ್ಕತ್ತಿನ ಡಬ್ಬಿ ಅಲ್ಲೇ ಬಚ್ಚಲ ಗೂಡಿನಲ್ಲಿತ್ತು.

ಮರುದಿನ ನಾನು ಕೋಣೆಯ ಕಿಟಕಿಯ ಹಿಂದೆ ನಿಂತಿದ್ದೆ. ಬೆಳಗಿನ ಹೊತ್ತು ಯಾರಿಗೂ ಮುಖ ತೋರಿಸಬೇಡ ಎಂದಿದ್ದರು.

"ಏನವ್ವಾ ಇದ್ರೊಳಗೆ?" ಪುಟ್ಟಗೌರಮ್ಮ ಕೇಳಿದಳು. "ಬಟ್ಟೆಯಾ?"

"ಕೇಳ್ಬ್ಯಾಡ. ತಕಂಡೋಗು." ಅತ್ತೆ ಮುಖ ತಿರುಗಿಸಿಕೊಂಡರು.

"ಬಟ್ಟೆ ಆದ್ರೆ ಬ್ಯಾರೆ ಚೀಲಕ್ಕೆ ಹಾಕ್ಬೇಕು ಕಣವ್ವಾ, ಅದಕ್ಕೇ ಕೇಳ್ದೆ."

"ಹೇಳ್ಬಾರ್ದು ಅಂದ್ಮೇಲೆ ಹೇಳ್ಬಾರ್ದು. ಓಗೇ!"

ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಕಿಟಕಿಯಿಂದ ಆಟೋಗೆ ಆರು ಹೆಜ್ಜೆ. 'ಗಾಜಿದೆ' ಎಂಬ ಒಂದು ಮಾತು. ಎಂ.ಎ. ಓದಿದ ಬಾಯಿಂದ ಅದು ಹೊರಡಲಿಲ್ಲ. ದುಃಖಕ್ಕೆ ಹಾಗಾಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಾತಾಡಬಾರದು ಎಂದಿದ್ದರು, ನಾನು ಮಾತಾಡಲಿಲ್ಲ.

ಗಂಟು ಬಿಗಿಯಾಗಿತ್ತು. ಗವಸು ಹಾಕಿದ ಕೈಗೆ ಬಿಚ್ಚಲು ಬರದೆ ಪುಟ್ಟಗೌರಮ್ಮ ಗವಸು ಕಳಚಿದಳು. ಪಂಚೆಯ ಸಂದಿಗೆ ಕೈ ತೂರಿಸಿ ಜಗ್ಗಿದಳು.

"ಅಯ್ಯೋ ಶಿವ್ನೇ!"

ಅಂಗೈ ಅಡ್ಡಕ್ಕೆ ಸೀಳಿತ್ತು. ಹಸಿರು ಚೂರು ನೋಡಿ ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಕಿಟಕಿಯ ಕಡೆ ಒಮ್ಮೆ ನೋಡಿ, ನನ್ನ ಹೆಸರು ಹಿಡಿದು, "ಸೌಮ್ಯವ್ವನ್ದು" ಎಂದಳು, ಅಷ್ಟೆ.

"ನಡಿಯಕ್ಕ, ಸೂಜಿ ಹಾಕುಸ್ಕೊಂಡು ಬರಾವ," ಎಂದಳು ರೂಪ.

"ಇನ್ನೂ ಎರಡು ಬೀದಿ ಅದೆ ಕಣೇ. ಮನೇಗೋಗಿ ಅರಿಶಿನ ಮೆತ್ಕತೀನಿ."

ಎಂಟು ದಿನ ಕೈಗೆ ಸೀರೆಯ ಚಿಂದಿ ಸುತ್ತಿಕೊಂಡೇ ಬಂದಳು. ಒಂಬತ್ತನೆಯ ದಿನ ರೂಪ ಒಬ್ಬಳೇ ಬಂದಳು.

"ಅಕ್ಕಂಗೆ ದವಡೆ ಹಿಡ್ಕಂಡದೆ. ಬಾಯಿ ಬಿಡಕಾಗಲ್ಲ. ನೀರೂ ಇಳೀತಿಲ್ಲ."

ಧನುರ್ವಾಯು. ಕೊಳ್ಳೇಗಾಲಕ್ಕೆ ಒಯ್ದರು, ಅಲ್ಲಿಂದ ಮೈಸೂರಿಗೆ. ಆರನೆಯ ದಿನ ಹೆಣ ಬಂತು. ಗಂಡ ಪುಟ್ಟಮಾದಪ್ಪ ನಮ್ಮ ಮನೆಯ ಮುಂದೆಯೇ ಹಾದು ಹೋದ, ಒಳಗೆ ನೋಡಲಿಲ್ಲ.

"ಅವಳ ಹಣೇಲಿ ಬರ್ದಿತ್ತು," ಎಂದರು ಅತ್ತೆ.

"ಹಣೆಯಲ್ಲಲ್ಲ ಅತ್ತೆ, ಅಂಗೈಯಲ್ಲಿ. ಬರೆದದ್ದು ನಾವು."

ಅತ್ತೆ ಆ ದಿನ ಉಣ್ಣಲಿಲ್ಲ.

ನಾಲ್ಕು ತಿಂಗಳ ಮೇಲೆ ಎದುರು ಮನೆಯ ವೃಷಭೇಂದ್ರಪ್ಪನವರ ಮಗ ಬಸವಕುಮಾರ್ ಕಾಮಾಲೆಯಿಂದ ತೀರಿಕೊಂಡ. ಹೆಂಡತಿ ದೀಪಳಿಗೆ ಇಪ್ಪತ್ತಾರು. ಹನ್ನೊಂದನೆಯ ದಿನ ವೃಷಭೇಂದ್ರಪ್ಪನವರೇ ನಮ್ಮ ಬಾಗಿಲಿಗೆ ಬಂದರು.

"ಶಂಕರಮ್ಮನ ಕೈ ಈಗ ನಡುಗ್ತದೆ. ಒಡೆಯಕೆ ನೀನೇ ಬಾ ತಾಯಿ."

ಹೋದೆ. ಅತ್ತೆಯೂ ಹಿಂದೆ ಬಂದರು. ಅವರ ಹಿತ್ತಿಲಿನ ಒಗೆಯುವ ಕಲ್ಲಿನ ಮುಂದೆ ದೀಪ ಸೂಜಿಗೆ ಕೈಯೊಡ್ಡುವ ಮಗುವಿನಂತೆ ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡಿದ್ದಳು.

"ನಾನು ಒಡೆಯಲ್ಲ ಮಾವ," ಎಂದೆ.

"ಏನಂದೆ?"

"ಒಡೆದ ಮೇಲೆ ಚೂರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗಾರ ಓಗ್ಲಿ. ಕಸಕ್ಕೆ ಓಯ್ತದೆ."

"ಕಸ ಅಂತ ಒಂದು ಊರಿಲ್ಲ ಮಾವ. ಯಾರದೋ ಕೈಗೆ ಹೋಗುತ್ತೆ."

"ಪುಟ್ಟಗೌರಿ ಸತ್ತದ್ದು ಸೂಜಿ ಹಾಕುಸ್ಕಳ್ದೆ. ಶಾಸ್ತ್ರ ಏನ್ ಮಾಡ್ತು?"

"ಹಾಕಿಸಿಕೊಳ್ಳಬೇಕಿತ್ತು, ನಿಜ. ಒಳಗೆ ಗಾಜಿದೆ ಅಂತ ನಾವು ಹೇಳಿದ್ದರೆ ಸೂಜಿಯೇ ಬೇಕಿರಲಿಲ್ಲ. ಅವಳು ಎರಡು ಸಲ ಕೇಳಿದಳು. ಹೇಳಿದರೆ ಅಪಶಕುನ ಅಂತ ಸುಮ್ಮನಿದ್ದೆವು. ಬಳೆ ಒಡೆದದ್ದಕ್ಕೆ ನನ್ನ ಗಂಡ ಎದ್ದು ಬರಲಿಲ್ಲ. ಅವಳು ಮಾತ್ರ ಹೋದಳು."

"ಓದ್ದೋಳ ನಾಲ್ಗೆ ನೋಡಿ! ಬಳೆ ಕೈಲೇ ಇವ್ಳು ಊರೊಳಗೆ ತಿರುಗ್ಬೇಕಾ?"

ದೀಪ ಕಣ್ಣು ತೆರೆದಳು. "ಅಕ್ಕಾ, ಇವು ಅವರೇ ಕೊಳ್ಳೇಗಾಲದಲ್ಲಿ ತೊಡಿಸಿದ್ದು."

ನಾನು ಅವಳ ಕೈಗಳನ್ನು ಅವಳ ಮಡಿಲಿಗೆ ಇಟ್ಟೆ. "ಹಾಗಾದರೆ ಇರಲಿ."

ವೃಷಭೇಂದ್ರಪ್ಪನವರು ಅತ್ತೆಯ ಕಡೆ ತಿರುಗಿದರು. "ಶಂಕರಮ್ಮಾ, ನೀನಾರ ಬಾ."

ಅತ್ತೆ ಒಗೆಯುವ ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ನನ್ನ ಕೈ ನಡುಗ್ತದೆ ಅಂತ ನೀವೇ ಅಂದ್ರಲ್ಲಣ್ಣ," ಎಂದರು.

ಮರುದಿನ ನಮ್ಮ ಹಿತ್ತಿಲಿನ ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಚೂರುಗಳನ್ನು ಚಿಮಟದಿಂದ ಹೆಕ್ಕಿದೆ. ಮೂರು ಸಿಕ್ಕವು. ದಪ್ಪ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಏಳೂವರೆಗೆ ಬೀದಿಗೆ ಇಳಿದು, ಆಟೋ ನಿಲ್ಲುವವರೆಗೆ ಕಾದೆ.

"ರೂಪ, ಇದರಲ್ಲಿ ಗಾಜಿದೆ. ನನ್ನ ಬಳೆ. ಆ ದಿನ ಒಡೆದದ್ದು."

ಬೀದಿಯ ಹೆಂಗಸರು ಕಿವಿ ಮುಚ್ಚಿಕೊಂಡರು. ರೂಪಳ ಎರಡು ಕೈಯಲ್ಲೂ ಬಳೆಗಳಿದ್ದವು. ಅವಳು ಡಬ್ಬಿಯನ್ನು ಮೇಲಿಂದ ಹಿಡಿದುಕೊಂಡಳು.