ಒಂದು ಬೆರಳಷ್ಟು ಚಿಕ್ಕದಾದ ಬೂಟು

ನಮ್ಮ ಕಾರ್ಪಥೋಸ್ ದ್ವೀಪದ ಬಂದರಿನಲ್ಲಿ ಸ್ಟೆರ್ಗೋಸ್ ಎಂಬವನ ಅಂಗಡಿಯಿದೆ. ಅದರ ಬಾಗಿಲ ಪಕ್ಕದ ತಂತಿಗೆ ಸಿಕ್ಕಿಸಿದ ಚಿತ್ರದ ಕಾರ್ಡುಗಳಲ್ಲಿ ಒಂದು ನನ್ನ ಚಿಕ್ಕಮ್ಮ ಫೂಲಾಳದು. ಕಪ್ಪು ತಲೆವಸ್ತ್ರ, ಹಿಟ್ಟು ಮೆತ್ತಿದ ಮೊಣಕೈ, ಮಂಡಿಯವರೆಗಿನ ಚರ್ಮದ ಬೂಟು, ಹಿಂದೆ ನೀಲಿ ಬಾಗಿಲು. ಕೆಳಗೆ ಅಚ್ಚಾಗಿದೆ: ‘ಬೆಟ್ಟದೂರಿನ ಯಜಮಾನಿ, ತನ್ನ ಮನೆಯ ಬಾಗಿಲಲ್ಲಿ.’ ಹದಿನಾರು ವರ್ಷದಿಂದ ಈ ಸುಳ್ಳು ಬಿಸಿಲಿಗೆ ಬಣ್ಣಗೆಡುತ್ತಿದೆ, ಮುಗಿದಂತೆಲ್ಲ ಹೊಸದಾಗಿ ಅಚ್ಚಾಗಿ ಬರುತ್ತಿದೆ. ಕಂಡಾಗಲೆಲ್ಲ ನನ್ನ ನೆತ್ತಿ ಕಾಯುತ್ತದೆ.

“ಕೆಳಗಿರೋ ಆ ಸಾಲು ತೆಗೆಸೋ” ಎಂದು ಅವನ ಮೇಲೆ ಹರಿಹಾಯ್ದದ್ದು ಒಂದು ಸಲವಲ್ಲ.

“ಮಿನಾಸಣ್ಣ, ನಿಂಗೇನು ಹುಚ್ಚಾ? ಅಚ್ಚು ಹಾಕೋರು ಅಥೆನ್ಸಲ್ಲಿದಾರೆ. ಬಂದವರು ಚಿತ್ರ ನೋಡ್ತಾರೆ, ಅಕ್ಷರ ಯಾರು ಓದ್ತಾರೆ?”

“ಓದ್ತಾರೆ! ಓದ್ಕೊಂಡೇ ಬೆಟ್ಟ ಹತ್ತಿ ಬಂದು, ಯಜಮಾನಿ ಎಲ್ಲಿ ಅಂತ ನನ್ನನ್ನೇ ಕೇಳ್ತಾರೆ!”

ಯಜಮಾನಿಯಂತೆ! ಆ ಮನೆಯ ಗೋಡೆಯ ಒಂದು ಕಲ್ಲೂ ಅವಳದಾಗಿರಲಿಲ್ಲ. ಕಾಲಿನ ಬೂಟು ಕೂಡ ಅವಳದಲ್ಲ.

ಫೂಲಾ ಚಿಕ್ಕಮ್ಮನ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ದೇಹದ ಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟು, ಮುಂಗಾಲನ್ನು ನೆಲಕ್ಕೆ ತಾಗಿಸಲೋ ಬೇಡವೋ ಎಂಬ ಸಂಕೋಚದಲ್ಲಿ ಎತ್ತಿಡುತ್ತ, ಬೆನ್ನ ಮೇಲೆ ಸೌದೆಯ ಹೊರೆಯಿದ್ದರೂ ಓಣಿಯ ನಡುವನ್ನು ಯಾರಿಗೋ ಬಿಟ್ಟುಕೊಟ್ಟಂತೆ ಗೋಡೆಯ ಮಗ್ಗುಲಲ್ಲೇ ಸಾಗುತ್ತಿದ್ದಳು. ಬೆಟ್ಟದೂರುಗಳನ್ನು ನೋಡಲು ಬಂದ ವಿದ್ವಾಂಸನೊಬ್ಬ ಎರಡು ದಿನ ಅವಳ ಹಿಂದೆಯೇ ತಿರುಗಿ, ಇದು ಪ್ರಾಚೀನ ನೃತ್ಯವೊಂದರಿಂದ ಇಳಿದುಬಂದ ನಡಿಗೆಯೆಂದು ಪುಸ್ತಕದಲ್ಲಿ ಬರೆದುಕೊಂಡ. ಅಯ್ಯಾ ಮಹಾನುಭಾವ, ಅದು ಇಳಿದುಬಂದದ್ದು ನನ್ನ ಅಮ್ಮನ ಬೂಟಿನಿಂದ! ಅಮ್ಮ ಅವಳಿಗಿಂತ ಎರಡು ವರ್ಷ ದೊಡ್ಡವಳು, ಆದರೆ ಪಾದ ಒಂದು ಬೆರಳಷ್ಟು ಚಿಕ್ಕದು. ಮೂರು ಸಲ ಅಟ್ಟೆ ಬದಲಾಯಿಸಿ, ಇನ್ನು ಹಬ್ಬಕ್ಕೆ ಆಗದು ಎಂದಾದ ಮೇಲೆ ಆ ಬೂಟು ತಂಗಿಯ ಕಾಲಿಗೆ ಬರುತ್ತಿತ್ತು. ನಲವತ್ತು ವರ್ಷ ಅವಳು ಬೆರಳು ಮಡಚಿಕೊಂಡೇ ಬೆಟ್ಟ ಹತ್ತಿ ಇಳಿದಳು.

ನಮ್ಮಲ್ಲಿ ತಾಯಿಯದೆಲ್ಲ ಮೊದಲ ಮಗಳಿಗೆ, ತಂದೆಯದೆಲ್ಲ ಮೊದಲ ಮಗನಿಗೆ. ಮನೆ, ಗೋಧಿಯ ಹೊಲ, ಹಬ್ಬದಲ್ಲಿ ಎದೆ ತುಂಬ ಹೊಳೆಯುವ ಚಿನ್ನದ ನಾಣ್ಯದ ಸರ, ಎಲ್ಲ ಅವರಿಗೆ. ಎರಡನೆಯವರಿಗೆ ದುಡಿಯಲು ಕೈಕಾಲು. ನಾನೂ ಎರಡನೆಯವನೇ. ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಡಿಸಿ ಅಣ್ಣನ ಪಾಲಿನ ಮೇಕೆಗಳ ಹಿಂದೆ ಅಟ್ಟಿದರು. ನಾನು ಕೂಗಾಡಿದೆ, ಊರು ಬಿಟ್ಟು ಪಿರೇಯಸ್ಸಿನ ಹಡಗುಕಟ್ಟೆಯ ಕೂಲಿಗೆ ಸೇರಿದೆ, ಈಗ ಊರಿಗೆ ಮರಳಿಯೂ ಕೂಗಾಡುತ್ತಿದ್ದೇನೆ. ಅವಳು ಕೂಗಾಡಲಿಲ್ಲ. ಮದುವೆಯ ಮಾತಿಲ್ಲದೆ ಅಕ್ಕನ ಮನೆಯಲ್ಲೇ ಉಳಿದು, ರೊಟ್ಟಿಯ ಒಲೆಗೆ ತಾಗಿದ ಕೋಣೆಯಲ್ಲಿ ಮಲಗಿ, ಅಕ್ಕನ ಮಕ್ಕಳನ್ನು ಸಾಕಿದಳು. ಹಜಾರದಲ್ಲಿ ಮನೆಯವರು ಮಲಗುವ ಕೆತ್ತನೆಯ ಮರದ ಜಗಲಿಯ ಮೇಲೆ ಅವಳು ಕೂತದ್ದನ್ನು ನಾನು ಕಂಡಿಲ್ಲ. ಧೂಳು ಒರೆಸಲು ಮಾತ್ರ ಹತ್ತುತ್ತಿದ್ದಳು, ಅದೂ ಬೂಟು ಕಳಚಿಟ್ಟು. ಈ ಬಾಚಣಿಗೆ ಯಾರದು ಚಿಕ್ಕಮ್ಮಾ ಎಂದರೆ, “ಮನೇದು.” ಅವಳೇ ನೆಟ್ಟ ಬಾದಾಮಿ ಗಿಡ ಯಾರದು ಎಂದರೂ, “ಮನೇದು ಕಣೋ.”

ಹಾಗೆಂದು ಅವಳು ಮಂಕಾಗಿದ್ದಳೆಂದು ಯಾರೂ ತಿಳಿಯಬಾರದು. ಚೀಲ ಹೊತ್ತು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬರುವ ಪರದೇಶದವರನ್ನು ಕಂಡು, “ಪಾಪ, ಇವರ ಊರಲ್ಲಿ ನೆಲ ಇಲ್ವೇನೋ, ನಡೆಯೋಕೆ ಇಷ್ಟು ದೂರ ಬಂದಿದಾರೆ!” ಎಂದು ನಗುತ್ತ, ಒಲೆಯಿಂದ ತೆಗೆದ ರೊಟ್ಟಿಯನ್ನು ಮುರಿದು ಅವರ ಕೈಗಿಡುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ ಹೊಲದ ಕಲ್ಲುಗೋಡೆಯಿಂದ ಬಿದ್ದು ಕಾಲು ಮುರಿಯಿತು. ಆಗ ಊರಿಗೆ ರಸ್ತೆಯಿರಲಿಲ್ಲ. ಹೇಸರಗತ್ತೆ ಅಣ್ಣನ ಜೊತೆ ಗಾಳಿಗಿರಣಿಗೆ ಹೋಗಿತ್ತು. ಚಿಕ್ಕಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು, ಐದು ಗಂಟೆ ಕಲ್ಲುಹಾದಿ ಇಳಿದು ಬಂದರಿನ ವೈದ್ಯರ ಬಳಿ ಒಯ್ದಳು. ನಡುದಾರಿಯಲ್ಲಿ ಎಡಬೂಟಿನ ಅಟ್ಟೆ ಕಿತ್ತುಬಂತು. ತಲೆವಸ್ತ್ರ ಬಿಚ್ಚಿ ಪಾದಕ್ಕೆ ಸುತ್ತಿಕೊಂಡು ನಡೆದಳು; ಬಂದರು ಮುಟ್ಟುವಾಗ ಆ ಬಟ್ಟೆ ಕೆಂಪಾಗಿತ್ತು.

“ದೊಡ್ಡವನಾದ್ಮೇಲೆ ನಿಂಗೆ ಹೊಸ ಬೂಟು ಹೊಲಿಸ್ಕೊಡ್ತೀನಿ ಚಿಕ್ಕಮ್ಮಾ” ಎಂದೆ, ಅಳುತ್ತ.

“ಮೊದಲು ನಿನ್ನ ಕಾಲು ನೆಟ್ಟಗಾಗ್ಲಿ. ನನ್ನ ಕಾಲಿನ ಮಾತು ಆಮೇಲೆ.”

ಆ ‘ಆಮೇಲೆ’ ಬರಲು ಇಪ್ಪತ್ತಾರು ವರ್ಷ ಹಿಡಿಯಿತು. ಅದಕ್ಕೆ ನನ್ನನ್ನೇ ಬೈಯಬೇಕು. ಆಗಸ್ಟಿನಲ್ಲಿ ದೇವಮಾತೆಯ ಹಬ್ಬಕ್ಕೆ ಪಿರೇಯಸ್ಸಿನಿಂದ ಬಂದವನು ಅವಳನ್ನು ರಟ್ಟೆ ಹಿಡಿದು ಬೂಟು ಹೊಲಿಯುವ ನಿಕೀತಾಸನ ಅಂಗಡಿಗೆ ಎಳೆದೊಯ್ದೆ. ಕಾಗದದ ಮೇಲೆ ಪಾದವಿಟ್ಟು ನಿಂತಾಗ ಅವಳು ಮದುವಣಗಿತ್ತಿಯಂತೆ ನಾಚಿದಳು. ಅಳತೆಯ ಗೀಟು ಎಳೆಯುತ್ತ ಮುದುಕ, “ಈ ಊರಿನ ಹೆಂಗಸರ ಕಾಲೆಲ್ಲ ನನ್ನ ಪೆಟ್ಟಿಗೇಲಿವೆ. ಇದೊಂದು ಕಾಲು ಎಲ್ಲಿ ಅಡಗಿತ್ತೋ!” ಎಂದ.

ಬೂಟು ಸಿದ್ಧವಾಯಿತು. ಮುಂದಿನ ವರ್ಷದ ಹಬ್ಬಕ್ಕೆ ಬಂದರೆ, ಕುಣಿಯುವವರ ಸಾಲಿನಲ್ಲಿ ಆ ಬೂಟು ನನ್ನ ಅಕ್ಕ ಇರೀನಿಯ ಮೊದಲ ಮಗಳ ಕಾಲಲ್ಲಿತ್ತು! ಜಾರದಿರಲೆಂದು ಒಳಗೆ ಉಣ್ಣೆ ತುರುಕಿದ್ದರು.

“ಯಾರು ಕಿತ್ಕೊಂಡ್ರು ಇದನ್ನ?” ಎಂದು ನಾನು ಅರಚಿದ್ದಕ್ಕೆ ವಾದ್ಯ ನಿಂತಿತು.

“ಹಬ್ಬ ಕೆಡಿಸ್ಬೇಡ್ವೋ. ಮನೆಗೆ ಬಂದದ್ದು ಮನೇದು ತಾನೇ?” ಎಂದಳು ಇರೀನಿ, ಅಮ್ಮನ ನಂತರ ಮನೆಯ ಯಜಮಾನಿ ಅವಳೇ.

“ಯಾರೂ ಕಿತ್ಕೊಳ್ಲಿಲ್ಲ” ಎಂದು ಚಿಕ್ಕಮ್ಮ ನನ್ನ ತೋಳು ಹಿಡಿದಳು. “ನಾನೇ ಕೊಟ್ಟೆ. ಹಿರಿ ಮಗಳು ಹಳೇ ಬೂಟಲ್ಲಿ ಕುಣಿದ್ರೆ ಮನೆ ಮರ್ಯಾದೆ ಏನಾಗ್ಬೇಕು? ನೋಡು, ಎಷ್ಟು ಚೆನ್ನಾಗಿ ಕುಣೀತಾಳೆ.”

ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ಕಂಡು ನನಗೆ ಬಂದ ಸಿಟ್ಟು, ಲೋಕದ ಯಾವ ಕಳ್ಳನ ಮೇಲೂ ಬಂದಿರಲಿಲ್ಲ. ಅಲ್ಲಿಂದ ನೇರವಾಗಿ ನಿಕೀತಾಸನ ಬಳಿ ಹೋಗಿ, “ಅಳತೆ ಇದೆಯಲ್ಲ, ಇನ್ನೊಂದು ಜೊತೆ ಹೊಲಿ” ಎಂದೆ.

“ಹೊಲೀತೀನಪ್ಪ. ನೀನು ಹತ್ತು ಜೊತೆ ಹೊಲಿಸಿದ್ರೂ ಆ ಕಾಲಿಗೆ ಒಂದೂ ದಕ್ಕಲ್ಲ.”

ಆ ಅಕ್ಟೋಬರಿನಲ್ಲಿ ಯಾರೋ ಕ್ಯಾಮೆರಾದವರು ಬಂದು ಚಿಕ್ಕಮ್ಮನ ಚಿತ್ರ ತೆಗೆದುಕೊಂಡು ಹೋದರು. ಕಾರ್ಡಿನಲ್ಲಿರುವುದು ಅಮ್ಮನ ಹಳೆಯ ಬೂಟು. ಫೆಬ್ರವರಿಯಲ್ಲಿ ಚಿಕ್ಕಮ್ಮ ತೀರಿಕೊಂಡಳು. ಚರ್ಮ ಕತ್ತರಿಸಿಟ್ಟಿತ್ತು, ಹೊಲಿಗೆ ಬಿದ್ದಿರಲಿಲ್ಲ. ನಿಕೀತಾಸ್ ಅಳತೆಯ ಕಾಗದವನ್ನು ನನಗೇ ಕೊಟ್ಟುಬಿಟ್ಟ. ಅದರಲ್ಲಿ ಅವಳ ಪಾದದ ಗೀಟಿದೆ. ನೇರವಾಗಿ ನಿಂತಾಗಲೂ ಬೆರಳುಗಳು ಒಳಕ್ಕೆ ಮಡಚಿಯೇ ಇವೆ.

ಇಂಥವರನ್ನು ತ್ಯಾಗಮಯಿಗಳೆಂದು ಜನ ಹೊಗಳುತ್ತಾರೆ. ನನ್ನ ಬಾಯಲ್ಲಿ ಆ ಮಾತು ಬಾರದು. ತಮಗೆ ಕೊಟ್ಟದ್ದನ್ನು ಕೈಯಲ್ಲಿ ಒಂದು ಹಬ್ಬದ ಮಟ್ಟಿಗೂ ಹಿಡಿದಿಟ್ಟುಕೊಳ್ಳದ ಈ ಜನ ತಮ್ಮ ಸುತ್ತಲಿನವರಿಗೆ ಋಣ ತೀರಿಸುವ ದಾರಿಯನ್ನೇ ಬಿಡುವುದಿಲ್ಲ. ಅವರ ದುಡಿಮೆಯ ಮೇಲೆ ಮನೆಗಳು ನಿಲ್ಲುತ್ತವೆ, ಊರುಗಳಿಗೆ ಹೆಸರು ಬರುತ್ತದೆ, ಚಿತ್ರಗಳು ಅಚ್ಚಾಗುತ್ತವೆ. ಅವರು ಮಾತ್ರ ಗೋಡೆಯ ಮಗ್ಗುಲಲ್ಲಿ ನಡೆದು ಹೋಗಿಬಿಡುತ್ತಾರೆ. ಐದು ಗಂಟೆಯ ಆ ಕಲ್ಲುಹಾದಿ ಈಗಲೂ ಇದೆ, ಮುರಿದ ನನ್ನ ಕಾಲು ನೆಟ್ಟಗಾಗಿ ಅದರ ಮೇಲೆ ಓಡಾಡುತ್ತಿದೆ. ಬೂಟಿನ ಬಾಕಿ ಹಾಗೇ ಉಳಿದಿದೆ.