ಅರ್ಧ ರೊಟ್ಟಿ

ದೀಪಾವಳಿ ರಜೆಯ ಇಪ್ಪತ್ತು ದಿನವೂ ಮಂಗಲ ತನ್ನ ಮಗಳು ಮನಿಷಾಗೆ ಹೊತ್ತಿಗೆ ಅರ್ಧ ರೊಟ್ಟಿಯನ್ನೇ ಹಾಕಿದಳು. ಹಿಟ್ಟಿಲ್ಲದೆ ಅಲ್ಲ, ಬೇಕೆಂದೇ. ಹೆತ್ತವಳು ಹೀಗೂ ಮಾಡುತ್ತಾಳಾ ಎಂದು ಮೂಗು ಮುರಿಯುವವರು, ಕಾಲಿಗೆ ಬಲವಿಲ್ಲದ ಹನ್ನೆರಡು ವರ್ಷದ ಹುಡುಗಿಯನ್ನು ದಿನಕ್ಕೆ ಎಂಟು ಸಲ ಎತ್ತಿ ನೋಡಲಿ, ಆಮೇಲೆ ಮಾತಾಡಲಿ. ಗಂಡ ಬೀರು ಕುರಿ ಹೊಡೆದುಕೊಂಡು ಹೋದನೆಂದರೆ ತಿರುಗಿ ಬರುವುದು ಮೂರು ತಿಂಗಳಿಗೆ. ಮಂಗಲಳ ನಡು ಆಗಲೇ ಹಿಡಿದುಕೊಂಡಿತ್ತು. ಮಾಡಗ್ಯಾಳದ ಕುರಿಗಾರರ ಮನೆಯವಳು, ಮರಿಯನ್ನು ಎತ್ತಿಯೇ ತೂಕ ಹೇಳುವವಳು. ಸಂತೆಗೆ ಹೋಗುವ ಮರಿ ಮೈ ತುಂಬಬೇಕು, ಮಗಳು ತುಂಬಬಾರದು. ತನ್ನ ತೋಳಿಗೆ ಮೀರಿ ಬೆಳೆದ ದಿನ ಇವಳ ಗತಿ ಏನು ಎಂಬ ಅಂಜಿಕೆ ಅವಳನ್ನು ತಿನ್ನುತ್ತಿತ್ತು.

ರಜೆ ಮುಗಿದ ಸೋಮವಾರ ಮಗಳನ್ನು ಹೊತ್ತುಕೊಂಡೇ ಉಮದಿಯಲ್ಲಿ ಬಸ್ಸಿಳಿದಳು. ಅಲ್ಲಿಯ ಅಂಗವಿಕಲ ಮಕ್ಕಳ ವಸತಿ ಶಾಲೆಯಲ್ಲಿ ಪ್ರತಿ ರಜೆಯ ನಂತರ ಮಕ್ಕಳ ಮೈಬಲ ನೋಡುತ್ತಾರೆ. ಮನಿಷಾಳ ತೂಕ ಎರಡೂವರೆ ಕಿಲೋ ಇಳಿದಿತ್ತು. ರಜೆಗೆ ಮೊದಲು ಗೋಡೆಯ ಸರಳು ಹಿಡಿದು ನಲವತ್ತು ಎಣಿಸುವವರೆಗೆ ನಿಂತಿದ್ದವಳು ಈಗ ಒಂಬತ್ತಕ್ಕೇ ಕುಸಿದಳು.

ವ್ಯಾಯಾಮ ಕಲಿಸುವ ವಿದ್ಯಾವತಿ ಮೇಡಂ ಅವಳನ್ನು ಹಿಡಿದು ಕೂರಿಸಿದರು. "ಏನ್ ಉಣಿಸಿದ್ರಿ ಮಂಗಲಕ್ಕ, ಇಷ್ಟು ದಿನ?"

ಮಂಗಲ ಉತ್ತರಿಸುವ ಮೊದಲೇ ಮನಿಷಾ ತೊದಲುತ್ತ ನಡುವೆ ಬಾಯಿ ಹಾಕಿದಳು. "ನನಗ ಹಸಿವಿ ಆಗ್ತಿರಲಿಲ್ರಿ."

ತನ್ನನ್ನು ಉಪವಾಸ ಕೆಡವಿದವಳನ್ನೇ ಹುಡುಗಿ ಕಾಪಾಡಲು ನೋಡಿದಳು. ಮಂಗಲ ಅವಳ ಮಾತನ್ನು ತಡೆದಳು.

"ಸುಳ್ಳ ಹೇಳ್ತಾಳ್ರಿ. ನಾನ ಅರ್ಧ ರೊಟ್ಟಿ ಹಾಕೀನಿ. ಭಾರ ಆದ್ರ ಯಾರ್ ಎತ್ತಬೇಕ್ರಿ?"

ವಿದ್ಯಾವತಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈ ವರ್ಷ ಮುಗಿಯೂದ್ರಾಗ ಗ್ವಾಡಿ ಹಿಡಕೊಂಡು ತಾನ ಬಚ್ಚಲಕ್ಕ ಹೋಗ್ತಿದ್ಲು. ಅದಕ್ಕ ನಿಂದ್ರಸಾಕತ್ತಿದ್ನಿ. ನೀವು ಎತ್ತೂದು ಬೇಕಾಗ್ತಿರಲಿಲ್ಲ."

ದಿನಾ ಗೋಡೆ ಹಿಡಿಸಿ ನಿಲ್ಲಿಸಿರಿ ಎಂದಷ್ಟೇ ಶಾಲೆಯವರು ರಜೆಗೆ ಮೊದಲು ಹೇಳಿ ಕಳಿಸಿದ್ದರು, ಯಾತಕ್ಕೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ನಿಲ್ಲಿಸಿದರೆ ಹಸಿವು ಹೆಚ್ಚಾದೀತೆಂದು ಮಂಗಲ ಒಂದು ದಿನವೂ ನಿಲ್ಲಿಸಿರಲಿಲ್ಲ.

"ಈಗ ಆಗಾಂಗಿಲ್ಲೇನ್ರಿ?"

"ಮೊಣಕಾಲ ಬಿಗದಾವು. ಮತ್ತ ಮೊದಲಿಂದ ಸುರು ಮಾಡಬೇಕು. ಆಗ್ತೈತಿ ಅಂತ ಮಾತ ಕೊಡಾಕ ಬರಾಂಗಿಲ್ಲ. ಮೊದಲ ಹೊಟ್ಟಿ ತುಂಬ ಉಣ್ಣಲಿ."

ಮಧ್ಯಾಹ್ನ ಊಟದ ಸಾಲಿನಲ್ಲಿ ಮಂಗಲ ತಾನೇ ಕುಳಿತು ರೊಟ್ಟಿ ಮುರಿದು, ಬೇಳೆಯಲ್ಲಿ ನೆನೆಸಿ, ತುತ್ತು ಮಾಡಿ ಬಾಯಿಗಿಟ್ಟಳು. ಅರ್ಧ ರೊಟ್ಟಿಯಾಯಿತು. ಮನಿಷಾ ತುಟಿ ಬಿಗಿದಳು.

"ಉಣ್ಣು ನನ್ನವ್ವ. ಇನ್ನ ಮ್ಯಾಲ ಹೊಟ್ಟಿ ತುಂಬ ಉಣ್ಣು. ನಾ ಏನೂ ಅನ್ನಾಂಗಿಲ್ಲ."

ಮಗಳು ತಲೆಯಲ್ಲಾಡಿಸಿದಳು. ಕಣ್ಣು ತಟ್ಟೆಯಲ್ಲಿ ಉಳಿದ ರೊಟ್ಟಿಯ ಮೇಲೇ ಇತ್ತು.

"ಬ್ಯಾಡ. ಭಾರ ಆದ್ರ ನೀ ನನ್ನನ್ನ ಮನಿಗಿ ಒಯ್ಯಾಕ ಬರಾಂಗಿಲ್ಲ."