ನಾನೂರ ಹನ್ನೆರಡನೇ ದೋಷ

ಬೈಸಿಕೊಳ್ಳುವುದಕ್ಕೂ ಅದೃಷ್ಟ ಬೇಕು. ವಿಮರ್ಶಕರು ಸಿಟ್ಟಿನಿಂದ ಉಗಿದಿದ್ದರೆ ಹೇಗೋ ಒರೆಸಿಕೊಳ್ಳಬಹುದಿತ್ತು, ಅವರು ನಕ್ಕುಬಿಟ್ಟರು. ಹನ್ನೊಂದು ಜನ ಮೂರು ವರ್ಷ ಬೆನ್ನು ಬಾಗಿಸಿ ಮಾಡಿದ 'ಕಡೆಯ ಕಕ್ಷೆ' ಎಂಬ ಬಾಹ್ಯಾಕಾಶ ಯುದ್ಧದ ಕಂಪ್ಯೂಟರ್ ಆಟ ಬಿಡುಗಡೆಯಾಗಿ ಮೂರೇ ದಿನಕ್ಕೆ ಅದರ ಮಾನ ಹರಾಜಾಗಿತ್ತು. ಒಬ್ಬ ಹತ್ತಕ್ಕೆ ಮೂರು ಅಂಕ ಕೊಟ್ಟ. ಇನ್ನೊಬ್ಬಳು ಎರಡೂವರೆ ಕೊಟ್ಟು, ಆ ಅರ್ಧ ಸಂಗೀತಕ್ಕೆ ಎಂದು ಬರೆದಳು. ಎಲ್ಲರಿಗಿಂತ ದೊಡ್ಡ ಪತ್ರಿಕೆಯವನಂತೂ ಕಡೆಯ ಪ್ಯಾರಾದಲ್ಲಿ ಹೀಗೆ ಕೇಳಿದ್ದ: "ಶತ್ರು ನೌಕೆ ಕಣ್ಣಿಗೆ ಬೀಳುವ ಮೊದಲೇ ನಾನು ಸತ್ತಿರುತ್ತೇನೆ. ಹೀಗೆ ನಲವತ್ತು ಸಲ ಸತ್ತೆ. ತಯಾರಿಸಿದ ಮಹಾನುಭಾವರೇ, ನೀವು ಇದನ್ನು ಒಮ್ಮೆಯಾದರೂ ಆಡಿದ್ದೀರಾ?"

"ಆಡಿದ್ದೀರಾ ಅಂತೆ!" ಆಟದ ಒಡೆಯ ಮೇಜು ಗುದ್ದಿದ. "ಮೂರು ವರ್ಷ ನಾವೇನು ನೊಣ ಹೊಡೀತಾ ಕೂತಿದ್ವಾ?"

ಅವನನ್ನು ಆಫೀಸಿನಲ್ಲಿ ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿ, ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಹನ್ನೊಂದು ಕಂಪ್ಯೂಟರುಗಳ ಬಿಸಿ. ಮೂಲೆಯ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು. ಆಟದಲ್ಲಿ ತಪ್ಪು ಹುಡುಕುವ ಪರೀಕ್ಷಕಿ ಅವಳು. ಪರೀಕ್ಷಾ ವಿಭಾಗ ಎಂದರೆ ಅವಳೊಬ್ಬಳೇ. ಅದಕ್ಕೂ ಮೊದಲು ಹದಿನೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಚುಕ್ಕೆ ಹಾಳೆ ದಾಟುತ್ತಿರಲಿಲ್ಲ. "ನಿನ್ನ ಕಣ್ಣು ನನಗೆ ಬೇಕು ಅಕ್ಕ" ಎಂದು ತಮ್ಮ ಕರೆದಾಗ ಆ ಕೆಲಸ ಬಿಟ್ಟು ಬಂದಳು. ಅಮ್ಮ ಹಾಸಿಗೆ ಹಿಡಿದ ವರ್ಷ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಕರೆದರೆ ಬರದೆ ಇರುತ್ತಾಳೆಯೇ?

ಕ್ಯಾಪ್ಟನ್ ಗೋಡೆಯ ಪರದೆಯ ಮೇಲೆ ಒಂದು ಪತ್ರ ತೋರಿಸಿದ. ನಾಲ್ಕು ಗಂಟೆಗೆ ಅದನ್ನು ಆಟಗಾರರಿಗೆಲ್ಲ ಹಾಕುವುದಿತ್ತು, ಆಗ ಎರಡೂವರೆ. ಕ್ಷಮಿಸಿ, ಮುಂದಿನ ವಾರ ಸರಿಪಡಿಸಿದ ಆಟ ಕೊಡುತ್ತೇವೆ ಎಂಬುದೆಲ್ಲ ಇತ್ತು. ನಡುವೆ ಒಂದು ಸಾಲು: "ನಮ್ಮ ಪರೀಕ್ಷಾ ವಿಭಾಗವು ಆಟ ಸರಿಯಿದೆ ಎಂದು ದೃಢಪಡಿಸಿತ್ತು. ಆ ವಿಭಾಗವನ್ನು ಈಗ ಬದಲಿಸಿದ್ದೇವೆ."

ಗೂಬೆ ಕೂರಿಸಲು ಅಕ್ಕನ ತಲೆಯೇ ಬೇಕಿತ್ತೇ? ಆಟ ಮುಗಿದಾಗ ಮೇಲೆ ಹರಿಯುವ ಹೆಸರುಗಳಲ್ಲಿ 'ಪರೀಕ್ಷೆ' ಎಂಬುದರ ಕೆಳಗೆ ಒಂದೇ ಹೆಸರಿದೆ. ನಾಳೆಯಿಂದ ಯಾವ ಕಂಪನಿಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ. ನಲವತ್ತಾರು ವರ್ಷದವಳ ಹತ್ತಿರ ಇದ್ದದ್ದು ಅದೊಂದು ಹೆಸರು, ತಪ್ಪು ಬಿಡದವಳು ಎಂಬ ಹೆಸರು.

"ಆ ಸಾಲು ತೆಗಿ" ಎಂದಳು.

"ಅಕ್ಕ, ಆಫೀಸಲ್ಲಿ ಅಕ್ಕ, ತಮ್ಮ ಅನ್ನೋದು ಬೇಡ. ಇದು ಬೇರೆ ವಿಷಯ."

ಅವಳಿಗೆ ಉರಿದುಹೋಯಿತು. "ಓಹೋ. ಸರಿ ಕ್ಯಾಪ್ಟನ್ ಸಾಹೇಬ್ರೇ. ಹಾಗಾದ್ರೆ ದಯಮಾಡಿ ಇಲ್ಲಿ ಬನ್ನಿ. ಜನ ದುಡ್ಡು ಕೊಟ್ಟು ತಗೊಂಡ ಆಟಾನ ಒಂದ್ಸಲ ಆಡಿ ತೋರಿಸಿ. ಎಲ್ಲರೂ ನೋಡ್ಲಿ."

ಚಿತ್ರ ಬರೆಯುವ ಹುಡುಗಿ ತನ್ನ ಮನೆಯ ಲ್ಯಾಪ್‌ಟಾಪ್ ತಂದಿದ್ದಳು. ಅದರಲ್ಲಿ ಮಾರಾಟದ ಪ್ರತಿ ಇತ್ತು. ಕ್ಯಾಪ್ಟನ್ ತೋಳು ಮಡಚಿ, ಒಂದು ನಗೆ ನಕ್ಕು ಕೂತ. ನೌಕೆ ಹಾರಿತು. ಕಪ್ಪು ಆಕಾಶದಲ್ಲಿ ಎಲ್ಲಿಂದಲೋ ಹಸಿರು ಗೆರೆಯೊಂದು ಬಂತು. ಅವನ ಬೆರಳು ತಾನಾಗಿಯೇ ಕೀಬೋರ್ಡಿನ ಮೇಲಿನ ಸಾಲಿನ ಎಫ್ ಒಂಬತ್ತರ ಕೀಲಿಗೆ ಹೋಯಿತು. ಒತ್ತಿದ. ಏನೂ ಆಗಲಿಲ್ಲ. ನೌಕೆ ಸಿಡಿದು ಚೂರಾಯಿತು.

ಈ ಕೀಲಿಯ ಕತೆ ಹೇಳಲೇಬೇಕು. ಆಟ ಕಟ್ಟುವಾಗ ಸಾಯುತ್ತ ಕೂರಲು ಯಾರಿಗೆ ಪುರುಸೊತ್ತು? ಬಾಗಿಲು ತೆರೆಯುತ್ತದೆಯೇ, ಬಣ್ಣ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕಾದವರು ಮೊದಲು ಎಫ್ ಒಂಬತ್ತು ಒತ್ತುತ್ತಿದ್ದರು. ನೌಕೆ ಚಿರಂಜೀವಿಯಾಗುತ್ತಿತ್ತು, ಎಷ್ಟು ಗುಂಡು ಬಿದ್ದರೂ ಗೀರಿಲ್ಲ. ಹನ್ನೊಂದು ಜನವೂ ಒತ್ತಿದರು, ಅಕ್ಕನೂ ಒತ್ತಿದಳು. ಮೂರು ವರ್ಷ ಆ ಆಫೀಸಿನಲ್ಲಿ ಯಾರೂ ಸಾಯಲೇ ಇಲ್ಲ. "ಶತ್ರುಗಳು ತೀರಾ ಸಪ್ಪೆ" ಎಂದುಕೊಂಡ ಕ್ಯಾಪ್ಟನ್ ತಿಂಗಳಿಗೊಮ್ಮೆ ಅವರ ಗುರಿಯನ್ನು ಇನ್ನಷ್ಟು ಚುರುಕು ಮಾಡುತ್ತ ಹೋದ. ಕೊನೆಗೆ ಮಾರಾಟದ ಪ್ರತಿಯಿಂದ ಆ ಕೀಲಿಯನ್ನು ತೆಗೆದುಹಾಕಿದರು. ಜನರ ಕೈಗೆ ಸಿಕ್ಕಿದ್ದು ಬರೀ ಸಾವು.

ಎರಡನೇ ಸಲವೂ ಸಿಡಿಯಿತು. ಮೂರನೇ ಸಲ. ಪ್ರತಿ ಸಲವೂ ಆ ಹಾಳು ಬೆರಳು ಎಫ್ ಒಂಬತ್ತಕ್ಕೇ ಹೋಗುತ್ತಿತ್ತು. ತಪ್ಪಿಸಿಕೊಂಡು ಹಾರುವುದು ಅವನಿಗೆ ಬರುತ್ತಲೇ ಇರಲಿಲ್ಲ. ಆರನೇ ಸಲ ಸತ್ತಾಗ ಅವನ ಕಿವಿ ಕೆಂಪಾಗಿತ್ತು.

"ಈ ಲ್ಯಾಪ್‌ಟಾಪೇ ಸರಿ ಇಲ್ಲ."

"ಚೆನ್ನಾಗೇ ಇದೆ ಕ್ಯಾಪ್ಟನ್" ಎಂದಳು ಚಿತ್ರದ ಹುಡುಗಿ, ನೆಲ ನೋಡುತ್ತ.

"ಆ ಪತ್ರಿಕೆಯವನು ಕೇಳಿದ್ದು ಇದನ್ನೇ" ಎಂದಳು ಅಕ್ಕ. "ಬಿಡುಗಡೆಗೆ ಒಂದು ವಾರ ಮುಂಚೆ ನಾನೂ ಇದನ್ನೇ ಬರೆದಿದ್ದೆ."

ಬರೆದಿದ್ದಳು, ನಿಜ. ಬಿಡುಗಡೆಗೆ ವಾರವಿದ್ದಾಗ ಕೊನೆಯ ಪ್ರತಿಯನ್ನು ಮನೆಗೆ ಒಯ್ದು ಕೀಲಿಯಿಲ್ಲದೆ ಆಡಿ, ದೋಷಗಳ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯದಾಗಿ ಕೆಂಪಕ್ಷರದಲ್ಲಿ ದಾಖಲಿಸಿದ್ದಳು: "ಮೊದಲ ಕದನವನ್ನೇ ಗೆಲ್ಲಲಾಗದು. ಆಟ ಆಡುವಂತಿಲ್ಲ." ಕೆಂಪು ದೋಷ ತೆರೆದಿರುವ ತನಕ ಆಟದ ಯಾವ ಪ್ರತಿಯೂ ಹೊರಗೆ ಹೋಗುವಂತಿರಲಿಲ್ಲ. ದೋಷ ಬರೆದವರೇ ಮತ್ತೆ ಪರೀಕ್ಷಿಸಿ ಅದನ್ನು ಮುಚ್ಚಬೇಕು, ಬೇರೆ ಯಾರು ಮುಟ್ಟಿದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಕ್ಯಾಪ್ಟನ್ ತಾನೇ ಮಾಡಿಸಿದ ಕಟ್ಟುಪಾಡು. ಅದನ್ನು ಸಂದರ್ಶನಗಳಲ್ಲಿ ಹೇಳಿ ಮೀಸೆ ತಿರುವಿದ್ದ.

ಈಗ ಅವನು ಆ ಪಟ್ಟಿಯನ್ನೇ ಪರದೆಯ ಮೇಲೆ ತೆರೆದ. ನಾನೂರ ಹನ್ನೆರಡು. ಕೆಳಗೆ ಬಿಡುಗಡೆಯ ಹಿಂದಿನ ದಿನದ ತಾರೀಖು, ಅಕ್ಕನ ಹೆಸರು, ಎರಡು ಮಾತು: "ಪರೀಕ್ಷಿಸಿದೆ. ಸರಿಯಾಗಿದೆ."

"ಮುಚ್ಚಿದ್ದು ಯಾರು? ಎಲ್ಲರೂ ನೋಡಿ."

ಎಲ್ಲರೂ ನೋಡಿದರು. ಅವನು ಮಾತ್ರ ಅಕ್ಕನ ಮುಖ ನೋಡಲಿಲ್ಲ. ಆ ಸಂಜೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದ್ಸಲ ಮುಚ್ಚಿಬಿಡು, ಆಮೇಲೆ ಸರಿಮಾಡ್ತೀನಿ, ಇಲ್ಲಾಂದ್ರೆ ನಾನು ಮುಳುಗಿಹೋಗ್ತೀನಿ" ಎಂದು ಕಣ್ಣಲ್ಲಿ ನೀರು ತಂದುಕೊಂಡದ್ದು ಯಾವ ಪಟ್ಟಿಯಲ್ಲಿ ಇರಬೇಕು? ಹದಿನೆಂಟು ವರ್ಷ ಒಂದು ಅಕ್ಷರಕ್ಕೂ ಸುಳ್ಳು ಹೇಳದವಳು ಆ ಕಣ್ಣೀರಿಗೆ ಕರಗಿ ಹೇಳಿದ್ದಳು.

"ನೀನು ಬೇಡ್ಕೊಂಡಿದ್ದನ್ನೂ ಹೇಳು."

"ನಾನು ಕೇಳಬಹುದು ಅಕ್ಕ" ಎಂದ ಅವನು, ತಣ್ಣಗೆ. "ಆಟ ನಂದು, ನಾನು ಕೇಳೇ ಕೇಳ್ತೀನಿ. ಆಗಲ್ಲ ಅನ್ನೋದು ನಿನ್ನ ಕೆಲಸ ಆಗಿತ್ತು."

ಮಾತು ನಿಜವಾಗಿತ್ತು, ಅದೇ ಕೆಟ್ಟದ್ದು. ಹೇಳಬಾರದವನು ಹೇಳಿದ ನಿಜ. ಅವಳು ತನ್ನ ಮೇಜಿಗೆ ಹೋದಳು, ಕೀಬೋರ್ಡ್ ಎಳೆದುಕೊಂಡು ಬರೆದಳು. ಬರೆದದ್ದು ಗೋಡೆಯ ಮೇಲೆ ಎಲ್ಲರಿಗೂ ಕಾಣಿಸಿತು: "ದೋಷವನ್ನು ಮತ್ತೆ ತೆರೆದಿದೆ. ಹಿಂದೆ ಸರಿಯಾಗಿದೆ ಎಂದು ಬರೆದದ್ದು ಸುಳ್ಳು. ಕಾರಣ: ಕೇಳಿದವನು ತಮ್ಮ."

ಅವಳು ಕನ್ನಡಕ, ನೀರಿನ ಬಾಟಲಿ, ಕುರ್ಚಿಯ ಮೆತ್ತೆ ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದಳು.

ಬಸ್ ನಿಲ್ದಾಣದಲ್ಲಿ ನಾಲ್ಕು ಗಂಟೆಗೆ ಫೋನ್ ತೆಗೆದು ನೋಡಿದಳು. ಪತ್ರ ಬಂದಿತ್ತು. ಆ ಸಾಲು ಅಲ್ಲೇ ಇತ್ತು. ಹತ್ತು ನಿಮಿಷದಲ್ಲಿ ಯಾರೋ ಅವಳ ಹೆಸರು ಹುಡುಕಿ ಹಾಕಿದ್ದರು. ಅದರ ಕೆಳಗೆ ಮತ್ತೊಬ್ಬ, "ಇವಳಿಗೆ ಕಣ್ಣು ಕಾಣುವುದಿಲ್ಲವೇ?" ಎಂದು ಬರೆದಿದ್ದ. ಹದಿನೆಂಟು ವರ್ಷದ ಹೆಸರು ಮಣ್ಣುಪಾಲಾಗಲು ಹತ್ತು ನಿಮಿಷ ಸಾಕಾಯಿತು. ಅವಳ ಮುಂದೆಯೇ ಬಸ್ಸು ಬಂದು ಹೊರಟುಹೋಯಿತು.

ನಾಲ್ಕೂಕಾಲಿಗೆ ಫೋನ್ ಹೊಡೆದುಕೊಂಡಿತು.

"ಅಕ್ಕಾ" ಎಂದ ತಮ್ಮ. ದನಿ ಆ ಸಂಜೆಯದೇ. "ನಾನೂರ ಹನ್ನೆರಡು ತೆರೆದಿಟ್ಟು ಹೋಗಿದ್ದೀಯ. ಅದು ಮುಚ್ಚದೆ ಏನೂ ಹೊರಗೆ ಬಿಡಕ್ಕಾಗಲ್ಲ. ಮುಂದಿನ ವಾರ ಕೊಡ್ತೀವಿ ಅಂತ ಜನಕ್ಕೆ ಮಾತು ಕೊಟ್ಟಿದ್ದೀನಿ. ಸಣ್ಣಪುಟ್ಟದ್ದು ಸರಿಮಾಡಿ ಬಿಡ್ತೀನಿ, ದೊಡ್ಡದು ಆಮೇಲೆ ನೋಡಣ. ಒಂದ್ಸಲ ಮುಚ್ಚಿಬಿಡು ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

ಅವಳಿಗೆ ಶಾಲೆಯ ಚೀಲ ಹೊತ್ತ ಅವನ ಪುಟ್ಟ ಬೆನ್ನು ನೆನಪಾಯಿತು. ನೆನಪಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಆಗಲ್ಲ" ಎಂದಳು.

ಆ ಕಡೆ ಅವನು ಇನ್ನೂ ಅಕ್ಕಾ, ಅಕ್ಕಾ ಎನ್ನುತ್ತಿದ್ದ. ನಾಲ್ಕು ದಿನ ಮೊದಲು ಹೇಳಬೇಕಾಗಿದ್ದ ಮಾತು ಅದು. ಹೇಳಿದ್ದರೆ ಅವನೂ ಉಳಿಯುತ್ತಿದ್ದ, ಅವಳೂ ಉಳಿಯುತ್ತಿದ್ದಳು.